ಥೈರಾಯ್ಡ್ ಅಲ್ಟ್ರಾಸೌಂಡ್: ಹೋಗುವ ಮುನ್ನ, ಮಂಚದ ಮೇಲೆ, ವರದಿ ಕೈಗೆ ಬಂದ ಮೇಲೆ

ಥೈರಾಯ್ಡ್ ಅಲ್ಟ್ರಾಸೌಂಡಿನಲ್ಲಿ ರೋಗಿಯ ಪಾಲಿಗೆ ಬರುವ ಕೆಲಸ ಬಹಳ ಕಡಿಮೆ. ಕತ್ತನ್ನು ಹಿಂದಕ್ಕೆ ಚಾಚಿ ಕಾಲು ಗಂಟೆ, ಹೆಚ್ಚೆಂದರೆ ಅರ್ಧ ಗಂಟೆ ಸುಮ್ಮನೆ ಮಲಗಿದ್ದರೆ ಆಯಿತು. ಹಾಗಿದ್ದರೂ ಅವೇ ತಪ್ಪುಗಳು ಮರುಕಳಿಸುತ್ತಲೇ ಇರುತ್ತವೆ. ಒಬ್ಬರು ಹಸಿದ ಹೊಟ್ಟೆಯಲ್ಲಿ, ಲೀಟರುಗಟ್ಟಲೆ ನೀರು ಕುಡಿದು ಮೂತ್ರ ತಡೆದುಕೊಂಡು ಕುಳಿತಿರುತ್ತಾರೆ. ಇನ್ನೊಬ್ಬರು ಹಳೆಯ ಚಿತ್ರಗಳನ್ನು ಮನೆಯಲ್ಲೇ ಮರೆತು ಬಂದಿರುತ್ತಾರೆ. ಮತ್ತೊಬ್ಬರು ವರದಿಯ ಕೊನೆಯ ಸಾಲಿನಲ್ಲಿ 4 ಎಂಬ ಅಂಕಿ ಕಂಡು, ಅದು ಕ್ಯಾನ್ಸರಿನ ನಾಲ್ಕನೆಯ ಹಂತವೆಂದು ತಿಳಿದು ರಾತ್ರಿಯೆಲ್ಲ ನಿದ್ದೆಗೆಟ್ಟಿರುತ್ತಾರೆ. ಮಂಚದ ಮೇಲೆ ಎಡವುವವರು ಕಡಿಮೆ. ಎಡವಟ್ಟೆಲ್ಲ ಅದರ ಹಿಂದೆ ಮುಂದೆ ಆಗುತ್ತದೆ. ಕೆಳಗಿನ ಕ್ರಮದಲ್ಲಿ ಹೋದರೆ ಅದರಲ್ಲಿ ಬಹುಪಾಲು ತಪ್ಪುತ್ತದೆ.

ಸರದಿಗಾಗಿ ಕಾಯಬಾರದ ಸಂದರ್ಭಗಳು

ಉಸಿರಾಡಲು ಕಷ್ಟವಾಗುತ್ತಿದ್ದರೆ, ಉಸಿರು ಎಳೆದುಕೊಳ್ಳುವಾಗ ಸೀಟಿಯಂಥ ಸದ್ದು ಬರುತ್ತಿದ್ದರೆ, ಕತ್ತಿನ ಊತ ಗಂಟೆಗಳ ಲೆಕ್ಕದಲ್ಲಿ ಹೆಚ್ಚುತ್ತಿದ್ದರೆ ಸ್ಕ್ಯಾನಿನ ದಿನಾಂಕ ನೋಡುತ್ತ ಕೂರಬೇಡಿ. ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ಗಂಟು ವಾರಗಳಲ್ಲಿ ಬೆಳೆಯುತ್ತಿದ್ದರೆ, ಒಡೆದ ದನಿ ಎರಡು ಮೂರು ವಾರವಾದರೂ ಸರಿಹೋಗದಿದ್ದರೆ, ನುಂಗುವಾಗ ಸಿಕ್ಕಿಕೊಂಡಂತಾಗುತ್ತಿದ್ದರೆ, ಗಂಟು ಕಲ್ಲಿನಂತೆ ಗಟ್ಟಿಯಾಗಿದ್ದು ಬೆರಳಿನಿಂದ ತಳ್ಳಿದರೂ ಜರುಗದಿದ್ದರೆ, ಕತ್ತಿನ ಪಕ್ಕದಲ್ಲಿ ಬೇರೆ ಗೆಡ್ಡೆ ಕೈಗೆ ಸಿಗುತ್ತಿದ್ದರೆ ಕೆಲವೇ ದಿನಗಳೊಳಗೆ ವೈದ್ಯರನ್ನು ಕಾಣಬೇಕು. ಬಾಲ್ಯದಲ್ಲಿ ಕತ್ತಿಗೆ ವಿಕಿರಣ ಚಿಕಿತ್ಸೆ ಆಗಿದ್ದವರು, ಮನೆತನದಲ್ಲಿ ಥೈರಾಯ್ಡ್ ಕ್ಯಾನ್ಸರ್ ಬಂದಿರುವವರು, ಅದರಲ್ಲೂ ಮೆಡುಲ್ಲರಿ ಎಂಬ ಬಗೆ ಬಂದಿರುವವರು, ಆ ಸಂಗತಿಯನ್ನು ಮೊದಲ ಮಾತಿನಲ್ಲೇ ಹೇಳಿಬಿಡಬೇಕು. ಮುಂದೆ ಬರುವ ಅಳತೆಯ ಸೂತ್ರಗಳು ಅವರಿಗೆ ಹಾಗೆಯೇ ಹೊಂದುವುದಿಲ್ಲ, ಮಕ್ಕಳಿಗೂ ಅಷ್ಟೆ.

1. ಈ ಪರೀಕ್ಷೆ ಏಕೆ ಎಂದು ಕೇಳಿ

ಅಲ್ಟ್ರಾಸೌಂಡ್ ಗ್ರಂಥಿಯ ಆಕಾರ ತೋರಿಸುತ್ತದೆ: ಎಷ್ಟು ದೊಡ್ಡದು, ಒಳಗೆ ಗಂಟಿದೆಯೇ, ಗಂಟಿನೊಳಗೆ ನೀರಿದೆಯೋ ಮಾಂಸವಿದೆಯೋ. ಗ್ರಂಥಿ ಹಾರ್ಮೋನನ್ನು ಹೆಚ್ಚು ಸುರಿಸುತ್ತಿದೆಯೋ ಕಡಿಮೆಯೋ ಎಂಬುದನ್ನು ಅದು ಅಳೆಯಲಾರದು. ಅದಕ್ಕೆ ರಕ್ತಪರೀಕ್ಷೆಯೇ ಬೇಕು. ಆದ್ದರಿಂದ ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) ಏರುಪೇರಾಗಿದೆ ಎಂಬ ಒಂದೇ ಕಾರಣಕ್ಕೆ, ಕೈಗೆ ಗಂಟು ಸಿಗದೆ ಇರುವಾಗ, ವಾಡಿಕೆಯಂತೆ ಸ್ಕ್ಯಾನ್ ಮಾಡಿಸುವ ಅಗತ್ಯವಿಲ್ಲ. ಅಮೆರಿಕದ ಎಂಡೋಕ್ರೈನ್ ಸೊಸೈಟಿ 2013ರಿಂದ ಇದನ್ನೇ ಹೇಳುತ್ತಿದೆ.

‘ನೋಡಿಬಿಟ್ಟರೆ ತಪ್ಪೇನು?’ ಎಂದು ಕೇಳುವವರಿದ್ದಾರೆ. ತಪ್ಪಿದೆ. ವಯಸ್ಕರಲ್ಲಿ ಹುಡುಕುತ್ತ ಹೋದರೆ ಬಹಳ ಜನರ ಥೈರಾಯ್ಡಿನಲ್ಲಿ ಸಣ್ಣಪುಟ್ಟ ಗಂಟು ಸಿಕ್ಕೇ ಸಿಗುತ್ತದೆ, ಮತ್ತು ಅವುಗಳಲ್ಲಿ ಬಹುಪಾಲು ನಿರಪಾಯಕಾರಿ. ದಕ್ಷಿಣ ಕೊರಿಯಾದಲ್ಲಿ ಆರೋಗ್ಯವಂತರ ಕತ್ತನ್ನೂ ಸ್ಕ್ಯಾನ್ ಮಾಡುವುದು ರೂಢಿಯಾದ ಮೇಲೆ, 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರಲ್ಲಿ ಇದ್ದುದರ 15 ಪಟ್ಟಾಯಿತು. ಆ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಅಂದರೆ ತೊಂದರೆ ಕೊಡದೆ ತನ್ನ ಪಾಡಿಗಿದ್ದ ಗಂಟುಗಳಿಗಾಗಿ ಸಾವಿರಾರು ಜನ ಶಸ್ತ್ರಚಿಕಿತ್ಸೆಗೆ ಒಳಗಾದರು, ಹಲವರು ಜೀವನಪೂರ್ತಿ ಮಾತ್ರೆಗೆ ಕಟ್ಟುಬಿದ್ದರು.

ಕೈಗೆ ಗಂಟು ಸಿಕ್ಕಿದ್ದರೆ, ಬೇರೆ ಯಾವುದೋ ಸ್ಕ್ಯಾನಿನಲ್ಲಿ ಅಕಸ್ಮಾತ್ತಾಗಿ ಗಂಟು ಕಂಡಿದ್ದರೆ, ಗ್ರಂಥಿಯೇ ಊದಿಕೊಂಡಿದ್ದರೆ, ಹಳೆಯ ಗಂಟಿನ ಮೇಲೆ ನಿಗಾ ಇಡಬೇಕಿದ್ದರೆ ಪರೀಕ್ಷೆ ನ್ಯಾಯವಾದದ್ದು. ಕಾರಣ ಏನೇ ಇರಲಿ, ಅದನ್ನು ವೈದ್ಯರ ಚೀಟಿಯಲ್ಲಿ ಬರೆಸಿಕೊಳ್ಳಿ. ‘ಥೈರಾಯ್ಡ್ ಸ್ಕ್ಯಾನ್’ ಎಂದಷ್ಟೇ ಇರುವ ಚೀಟಿಗಿಂತ ‘ಬಲಗಡೆ ಗಂಟು, ಎರಡು ತಿಂಗಳಿಂದ’ ಎಂದಿರುವ ಚೀಟಿ ಸ್ಕ್ಯಾನ್ ಮಾಡುವವರ ಕಣ್ಣನ್ನು ಸರಿಯಾದ ಜಾಗಕ್ಕೆ ಕರೆದೊಯ್ಯುತ್ತದೆ.

2. ಯಾವ ಸ್ಕ್ಯಾನ್ ಎಂಬುದನ್ನು ಖಚಿತಪಡಿಸಿಕೊಳ್ಳಿ

‘ಥೈರಾಯ್ಡ್ ಸ್ಕ್ಯಾನ್’ ಎಂಬ ಒಂದೇ ಹೆಸರಿನಲ್ಲಿ ಎರಡು ಪರೀಕ್ಷೆಗಳು ಓಡಾಡುತ್ತವೆ. ಒಂದು ಅಲ್ಟ್ರಾಸೌಂಡ್: ಬರೀ ಶಬ್ದದ ಅಲೆ, ವಿಕಿರಣವಿಲ್ಲ, ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಮಾಡಿಸಿಕೊಳ್ಳಬಹುದು. ಇನ್ನೊಂದು ನ್ಯೂಕ್ಲಿಯರ್ ಸ್ಕ್ಯಾನ್: ಟೆಕ್ನೀಷಿಯಂ ಅಥವಾ ಅಯೋಡಿನ್ನಿನ ವಿಕಿರಣಶೀಲ ರೂಪವನ್ನು ಸ್ವಲ್ಪ ಪ್ರಮಾಣದಲ್ಲಿ ದೇಹಕ್ಕೆ ಕೊಟ್ಟು ಮಾಡುವಂಥದ್ದು. ಗರ್ಭಿಣಿಯರಿಗೆ ಅದು ಬೇಡ. ಹಾಲೂಡಿಸುವವರು ಮೊದಲೇ ತಿಳಿಸಬೇಕು. ಕೆಲವು ಔಷಧಗಳನ್ನು ಮುಂಚಿತವಾಗಿ ನಿಲ್ಲಿಸಬೇಕಾಗಬಹುದು. ಒಂದರ ತಯಾರಿಯನ್ನು ಓದಿಕೊಂಡು ಇನ್ನೊಂದಕ್ಕೆ ಹೋಗುವುದು ನಾನು ಪದೇ ಪದೇ ಕಾಣುವ ಗೊಂದಲ.

ಗಂಟು ಇರುವವರಿಗೆ ಟಿಎಸ್‌ಎಚ್ ಫಲಿತಾಂಶ ಮೊದಲೇ ಕೈಯಲ್ಲಿದ್ದರೆ ಒಳ್ಳೆಯದು. ಟಿಎಸ್‌ಎಚ್ ಕಡಿಮೆ ಇದ್ದರೆ ಆ ಗಂಟೇ ಹಾರ್ಮೋನ್ ತಯಾರಿಸುತ್ತಿರಬಹುದು. ಆಗ ಅಲ್ಟ್ರಾಸೌಂಡಿನ ಜೊತೆಗೆ ನ್ಯೂಕ್ಲಿಯರ್ ಸ್ಕ್ಯಾನೂ ಬೇಕಾಗುತ್ತದೆ. ಹೀಗೆ ಹಾರ್ಮೋನ್ ತಯಾರಿಸುವ ಗಂಟು ಕ್ಯಾನ್ಸರ್ ಆಗಿರುವುದು ಅಪರೂಪ. ಈ ಕ್ರಮ ತಪ್ಪಿದರೆ ಬೇಡದ ಸೂಜಿ ಪರೀಕ್ಷೆ (ಗಂಟಿನಿಂದ ಸೂಜಿಯಲ್ಲಿ ಜೀವಕೋಶ ತೆಗೆಯುವುದು) ಮಾಡಿಸಿಕೊಳ್ಳಬೇಕಾದೀತು.

3. ಚೀಲದಲ್ಲಿ ಏನಿರಬೇಕು

ವೈದ್ಯರ ಚೀಟಿ, ಇತ್ತೀಚಿನ ರಕ್ತಪರೀಕ್ಷೆ, ಹಿಂದೆ ಸೂಜಿ ಪರೀಕ್ಷೆಯೋ ಶಸ್ತ್ರಚಿಕಿತ್ಸೆಯೋ ಆಗಿದ್ದರೆ ಅದರ ಕಾಗದ, ಸೇವಿಸುವ ಔಷಧಗಳ ಪಟ್ಟಿ. ಇವೆಲ್ಲಕ್ಕಿಂತ ಮುಖ್ಯ, ಹಳೆಯ ಸ್ಕ್ಯಾನಿನ ವರದಿ ಮಾತ್ರವಲ್ಲ, ಅದರ ಚಿತ್ರಗಳು. ಸಿ.ಡಿ.ಯೋ, ಮೊಬೈಲಿನಲ್ಲಿರುವ ಕೊಂಡಿಯೋ, ಹೊಳಪು ಕಾಗದದ ಮೇಲಿನ ಅಚ್ಚೋ, ಯಾವುದಾದರೂ ಸರಿ.

ಇದನ್ನು ಒತ್ತಿ ಹೇಳಲು ನನಗೆ ಸ್ವಂತ ಕಾರಣವಿದೆ. ಒಮ್ಮೆ ಬೇರೊಂದು ಕೇಂದ್ರಕ್ಕೆ ಹೋದಾಗ ಹಳೆಯದೇನನ್ನೂ ಒಯ್ದಿರಲಿಲ್ಲ. ಮೂರು ವರ್ಷದಿಂದ ಇದ್ದಲ್ಲೇ ಇದ್ದ 11 ಮಿಲಿಮೀಟರಿನ ಗಂಟು ವರದಿಯಲ್ಲಿ ಹೊಸ ಗಂಟಾಗಿ ಕಾಣಿಸಿಕೊಂಡಿತು, ಸೂಜಿ ಪರೀಕ್ಷೆಗೆ ದಿನವೂ ಗೊತ್ತಾಯಿತು. ಕಪಾಟಿನ ಮೂಲೆಯಲ್ಲಿದ್ದ ಸಿ.ಡಿ. ಸಿಕ್ಕಿದ್ದರಿಂದ ಆ ದಿನ ರದ್ದಾಯಿತು. ಸ್ಕ್ಯಾನ್ ಮಾಡಿದವರ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಅವರಿಗೆ ಹೋಲಿಸಿ ನೋಡಲು ನಾನೇ ಏನೂ ಕೊಟ್ಟಿರಲಿಲ್ಲ.

4. ಆ ದಿನ ಬೆಳಿಗ್ಗೆ

ಉಪವಾಸ ಬೇಡ. ಮೂತ್ರ ತಡೆಯುವುದೂ ಬೇಡ; ಅದು ಕೆಳಹೊಟ್ಟೆಯ ಸ್ಕ್ಯಾನಿಗೆ ಸಂಬಂಧಿಸಿದ ಸೂಚನೆ. ಆದರೆ ಹೊಟ್ಟೆ ಬಿರಿಯುವಷ್ಟು ತಿಂದು ತಕ್ಷಣ ಮಲಗಿದರೆ ಹುಳಿತೇಗು ಬಂದೀತು, ಅಷ್ಟೆ.

ಥೈರಾಯ್ಡ್ ಮಾತ್ರೆಯನ್ನು ಎಂದಿನಂತೆ ತೆಗೆದುಕೊಳ್ಳಿ. ಮಾತ್ರೆಯಿಂದ ಚಿತ್ರ ಕೆಡುವುದಿಲ್ಲ. ಅದೇ ದಿನ ರಕ್ತವನ್ನೂ ಕೊಡುವುದಿದ್ದರೆ ಮಾತು ಬೇರೆ: ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಬೇಕೇ ಎಂದು ವೈದ್ಯರನ್ನು ಕೇಳಿ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಸೇವಿಸುವವರು ಅದನ್ನೂ ಹೇಳಬೇಕು. ಬಯೋಟಿನ್ ಸ್ಕ್ಯಾನಿಗೆ ಅಡ್ಡಿಯಲ್ಲ, ಆದರೆ ಥೈರಾಯ್ಡ್ ರಕ್ತಪರೀಕ್ಷೆಯ ಅಂಕಿಗಳನ್ನು ದಾರಿ ತಪ್ಪಿಸುತ್ತದೆ. ಸಾಮಾನ್ಯವಾಗಿ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಲು ಹೇಳುತ್ತಾರೆ.

ಕೊರಳು ಪೂರ್ತಿ ತೆರೆದಿಡಬಹುದಾದ ಬಟ್ಟೆ ಧರಿಸಿ. ಸರ, ದಾರ, ದೊಡ್ಡ ಓಲೆಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ. ಸ್ಕ್ಯಾನ್ ಕೋಣೆಯಲ್ಲಿ ಬಿಚ್ಚಿಟ್ಟ ಸರ ಮರೆತುಹೋಗಲು ಹೆಚ್ಚು ಹೊತ್ತು ಬೇಕಾಗಿಲ್ಲ.

5. ಮಂಚದ ಮೇಲೆ

ಅಂಗಾತ ಮಲಗಿಸಿ, ಭುಜದ ಕೆಳಗೆ ದಿಂಬಿಟ್ಟು, ಗಲ್ಲ ಮೇಲಕ್ಕೆ ಬರುವಂತೆ ತಲೆಯನ್ನು ಹಿಂದಕ್ಕೆ ವಾಲಿಸುತ್ತಾರೆ. ಕತ್ತಿನ ಮೂಳೆ ಸವೆದವರಿಗೆ, ತಲೆ ಹಿಂದಕ್ಕೆ ಹೋದರೆ ತಲೆಸುತ್ತು ಬರುವವರಿಗೆ, ಚಪ್ಪಟೆಯಾಗಿ ಮಲಗಿದರೆ ಉಸಿರು ಕಟ್ಟುವವರಿಗೆ ಇದು ಹಿಂಸೆ. ಮಲಗುವ ಮೊದಲೇ ಹೇಳಿದರೆ ದಿಂಬು ತೆಗೆದೋ, ಸ್ವಲ್ಪ ಎತ್ತರಿಸಿಯೋ ಮಾಡುತ್ತಾರೆ. ಹಲ್ಲು ಕಚ್ಚಿಕೊಂಡು ಸಹಿಸಿದರೆ ಕತ್ತಿನ ಸ್ನಾಯು ಬಿಗಿದುಕೊಂಡು ಚಿತ್ರವೂ ಕೆಡುತ್ತದೆ.

ಜೆಲ್ ತಣ್ಣಗಿರುತ್ತದೆ. ಚರ್ಮಕ್ಕೂ ಪ್ರೋಬಿಗೂ (ಕತ್ತಿನ ಮೇಲೆ ಆಡಿಸುವ ಸಾಧನ) ನಡುವೆ ಗಾಳಿ ಸೇರದಿರಲೆಂದು ಅದನ್ನು ಹಚ್ಚುತ್ತಾರೆ. ಶಬ್ದದ ಅಲೆಗೆ ಗಾಳಿಯೇ ದೊಡ್ಡ ಗೋಡೆ. ಪ್ರೋಬ್ ಒತ್ತಿದಾಗ ಒತ್ತಡ ತಿಳಿಯುತ್ತದೆ, ನೋವಾಗಬಾರದು. ಒಂದು ನಿರ್ದಿಷ್ಟ ಜಾಗದಲ್ಲಿ ನಿಜವಾಗಿ ನೋಯುತ್ತಿದ್ದರೆ ಬಾಯಿಬಿಟ್ಟು ಹೇಳಿ. ಥೈರಾಯ್ಡಿನ ಉರಿಯೂತವೋ ಗಂಟಿನೊಳಗೆ ರಕ್ತ ಸೋರಿರುವುದೋ ಆ ನೋವಿಗೆ ಕಾರಣವಿರಬಹುದು, ಅದು ವೈದ್ಯರಿಗೆ ಬೇಕಾದ ಸುಳಿವು.

ಸ್ಕ್ಯಾನ್ ನಡೆಯುವಾಗ ಮಾತು ಬೇಡ. ಎಂಜಲು ನುಂಗುವುದನ್ನೂ ಅವರು ಹೇಳಿದಾಗ ಮಾತ್ರ ಮಾಡಿ. ನುಂಗಿದಾಗ ಗ್ರಂಥಿ ಮೇಲಕ್ಕೇರುತ್ತದೆ. ಎದೆಮೂಳೆಯ ಹತ್ತಿರ ಅಡಗಿರುವ ಅದರ ಕೆಳತುದಿ ಆ ಕ್ಷಣದಲ್ಲಿ ಕಣ್ಣಿಗೆ ಬೀಳುತ್ತದೆ. ಗ್ರಂಥಿ ಎದೆಮೂಳೆಯ ಹಿಂದೆಯೇ ಇಳಿದಿದ್ದರೆ ಮಾತ್ರ ಅಲ್ಟ್ರಾಸೌಂಡ್ ಕೈಚೆಲ್ಲುತ್ತದೆ, ಸಿ.ಟಿ. ಬೇಕಾಗಬಹುದು.

ನಡುವೆ ಪರದೆಯ ಮೇಲೆ ಕೆಂಪು ನೀಲಿ ಬಣ್ಣ ಮಿನುಗಿದರೆ ಗಾಬರಿಯಾಗಬೇಡಿ. ಅದು ಡಾಪ್ಲರ್, ರಕ್ತದ ಹರಿವನ್ನು ತೋರಿಸುವ ಬಗೆ. ಕೆಂಪು ಎಂದರೆ ಅಪಾಯವಲ್ಲ. ಹಾಗೆಯೇ ಅಡ್ಡಚಿತ್ರದಲ್ಲಿ ನಿಮ್ಮ ಬಲಭಾಗ ಪರದೆಯ ಎಡಗಡೆ ಕಾಣುತ್ತದೆ; ‘ಗಂಟು ಬಲಗಡೆ ಎಂದರು, ಚಿತ್ರದಲ್ಲಿ ಎಡಗಡೆ ಇದೆ’ ಎಂದು ಜಗಳಕ್ಕೆ ಹೋಗುವ ಮುನ್ನ ಇದು ನೆನಪಿರಲಿ.

6. ಎದ್ದು ಹೊರಡುವ ಮುನ್ನ

ಒಂದೇ ಪ್ರಶ್ನೆ ಕೇಳಿ: ‘ಕತ್ತಿನ ಎರಡೂ ಬದಿಯ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ನೋಡಿದಿರಾ?’ ಥೈರಾಯ್ಡಿನಲ್ಲಿ ಗಂಟಿದ್ದರೆ ಸುತ್ತಲಿನ ದುಗ್ಧಗ್ರಂಥಿಗಳನ್ನೂ ನೋಡಿ ವರದಿಯಲ್ಲಿ ಬರೆಯಬೇಕು. ಇದು ಬಿಟ್ಟುಹೋದರೆ ಮತ್ತೊಮ್ಮೆ ಬರಬೇಕಾಗುತ್ತದೆ.

‘ಕ್ಯಾನ್ಸರೇ?’ ಎಂದು ಅಲ್ಲೇ ಕೇಳುವ ಆಸೆ ಎಲ್ಲರಿಗೂ ಇರುತ್ತದೆ. ಪ್ರೋಬ್ ಹಿಡಿದವರು ತಂತ್ರಜ್ಞರಾಗಿದ್ದರೆ ಉತ್ತರ ಹೇಳುವ ಅಧಿಕಾರ ಅವರಿಗಿಲ್ಲ. ವೈದ್ಯರೇ ಆಗಿದ್ದರೂ ಅಲ್ಟ್ರಾಸೌಂಡ್ ಹೇಳುವುದು ಅನುಮಾನದ ಪ್ರಮಾಣವನ್ನು ಮಾತ್ರ. ಅವರ ಮೌನದಲ್ಲಿ ಕೆಟ್ಟ ಸುದ್ದಿ ಹುಡುಕಬೇಡಿ. ಚಿತ್ರಗಳ ಪ್ರತಿಯನ್ನು ಕೇಳಿ ಪಡೆದುಕೊಂಡೇ ಹೊರಡಿ.

7. ವರದಿಯನ್ನು ಓದುವ ಕ್ರಮ

ಎಲ್ಲರೂ ಕೊನೆಯ ಸಾಲಿಗೆ ಹಾರುತ್ತಾರೆ. ಹಾಗೆ ಮಾಡಬೇಡಿ, ಮೇಲಿನಿಂದ ಓದಿ.

ಮೊದಲು ಹೆಸರು, ದಿನಾಂಕ, ಎಡ–ಬಲ ಸರಿಯಾಗಿದೆಯೇ ನೋಡಿ. ಮೇಲೆ ಬಲಗಡೆ ಎಂದು ವಿವರಿಸಿ ಕೆಳಗೆ ಎಡಗಡೆ ಎಂದು ಮುಗಿಸಿರುವ ವರದಿಗಳೂ ಇರುತ್ತವೆ. ಅಂಥದ್ದನ್ನು ಅದೇ ದಿನ ತಿದ್ದಿಸಿ.

ಆಮೇಲೆ ಗ್ರಂಥಿಯ ಅಳತೆ. ವಯಸ್ಕರಲ್ಲಿ ಗ್ರಂಥಿಯ ಎಡ, ಬಲ ಹಾಲೆಗಳಲ್ಲಿ ಪ್ರತಿಯೊಂದರ ಉದ್ದ ಸುಮಾರು 4ರಿಂದ 6 ಸೆಂಟಿಮೀಟರ್ ಇರುತ್ತದೆ, ಎರಡನ್ನೂ ಜೋಡಿಸುವ ಇಸ್ತ್ಮಸ್ ಎಂಬ ಸೇತುವೆ ಕೆಲವೇ ಮಿಲಿಮೀಟರ್ ದಪ್ಪ. ಗ್ರಂಥಿಯ ಬಗ್ಗೆ ‘ಹೆಟೆರೋಜೀನಿಯಸ್’ ಎಂದಿದ್ದರೆ ಒಳಗಿನ ರಚನೆ ಒಂದೇ ಸಮನಾಗಿಲ್ಲ ಎಂದರ್ಥ. ಹಾಶಿಮೋಟೋ ಉರಿಯೂತ (ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡಿನ ಮೇಲೆ ಎರಗುವ ಕಾಯಿಲೆ) ಇರುವವರಲ್ಲಿ ಇದು ತೀರಾ ಸಾಮಾನ್ಯ. ಅಂಥ ಮಚ್ಚೆಮಚ್ಚೆ ಗ್ರಂಥಿಯಲ್ಲಿ ಗಂಟಲ್ಲದ್ದೂ ಗಂಟಿನಂತೆ ತೋರುವುದುಂಟು.

ಮೂರನೆಯದು ಗಂಟಿನ ವಿವರಣೆ. ನಾಲ್ಕಾರು ಪದ ಗೊತ್ತಿದ್ದರೆ ಸಾಕು. ‘ಸಿಸ್ಟಿಕ್’ ಎಂದರೆ ನೀರು ತುಂಬಿದ್ದು, ‘ಸಾಲಿಡ್’ ಎಂದರೆ ಗಟ್ಟಿ. ‘ಸ್ಪಾಂಜಿಫಾರ್ಮ್’ ಎಂದರೆ ಸ್ಪಂಜಿನಂತೆ ಸಣ್ಣ ಸಣ್ಣ ಕುಳಿಗಳಿರುವುದು, ಇದು ನೆಮ್ಮದಿಯ ಪದ. ‘ಹೈಪೋಎಕೋಯಿಕ್’ ಎಂದರೆ ಸುತ್ತಲಿನ ಗ್ರಂಥಿಗಿಂತ ಕಪ್ಪಾಗಿ ಕಾಣುವುದು. ಅನುಮಾನವನ್ನು ಸ್ವಲ್ಪ ಹೆಚ್ಚಿಸುವ ಪದವಾದರೂ ಅದೊಂದರಿಂದಲೇ ಏನೂ ತೀರ್ಮಾನವಾಗುವುದಿಲ್ಲ. ‘ಅಗಲಕ್ಕಿಂತ ಎತ್ತರ’, ಅಂಚು ಒರಟಾಗಿದೆ, ಅಂಚು ಗ್ರಂಥಿಯಾಚೆ ಚಾಚಿದೆ, ಸೂಜಿಮೊನೆಯಂಥ ಬಿಳಿ ಚುಕ್ಕೆಗಳಿವೆ ಎಂಬ ಮಾತುಗಳು ಬಂದರೆ ವೈದ್ಯರ ಗಮನ ಅಲ್ಲಿ ನಿಲ್ಲಬೇಕು. ಬಿಳಿ ಚುಕ್ಕೆಯ ಹಿಂದೆ ಧೂಮಕೇತುವಿನ ಬಾಲದಂಥ ದೊಡ್ಡ ಗೆರೆ ಇದ್ದರೆ, ವರದಿಯಲ್ಲಿ ‘ಕಾಮೆಟ್ ಟೇಲ್’ ಎಂದಿರುತ್ತದೆ, ಅದು ಸಾಮಾನ್ಯವಾಗಿ ಕೊಲಾಯ್ಡ್ ಎಂಬ ಅಂಟುದ್ರವದ ಗುರುತು, ನಿರುಪದ್ರವಿ. ಬಿಳಿ ಚುಕ್ಕೆ ಎಂಬ ಮಾತು ಓದಿದೊಡನೆ ಹೆದರಬಾರದು ಎನ್ನುವುದು ಇದಕ್ಕೇ.

ಗಂಟಿಗೆ ಉದ್ದ, ಅಗಲ, ದಪ್ಪ ಮೂರೂ ಕೊಟ್ಟಿದ್ದಾರೆಯೇ ನೋಡಿ. ಅಳತೆ ಮಿಲಿಮೀಟರಿನಲ್ಲಿದೆಯೋ ಸೆಂಟಿಮೀಟರಿನಲ್ಲಿದೆಯೋ ಎಂಬುದನ್ನೂ ನೋಡಿ. ಕಳೆದ ವರ್ಷ 1.2, ಈ ವರ್ಷ 12 ಎಂದು ಕಂಡು ಹತ್ತು ಪಟ್ಟು ಬೆಳೆಯಿತೆಂದು ಅತ್ತವರಿದ್ದಾರೆ.

8. ಟೈರಾಡ್ಸ್ ಅಂಕಿಯನ್ನು ಅರ್ಥಮಾಡಿಕೊಳ್ಳುವುದು

ಜನ ಅತಿ ಹೆಚ್ಚು ಮುಗ್ಗರಿಸುವುದು ಇಲ್ಲಿ. ಟೈರಾಡ್ಸ್ ಎನ್ನುವುದು ಕ್ಯಾನ್ಸರಿನ ಹಂತವಲ್ಲ. ಗಂಟಿನ ರೂಪ ನೋಡಿ ಮುಂದೇನು ಮಾಡಬೇಕೆಂದು ಹೇಳುವ ಅನುಮಾನದ ಮೆಟ್ಟಿಲು. ಅಮೆರಿಕದ ಕಾಲೇಜ್ ಆಫ್ ರೇಡಿಯಾಲಜಿ 2017ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಐದು ಲಕ್ಷಣಗಳಿಗೆ ಅಂಕ ಕೊಡುತ್ತಾರೆ: ಗಂಟಿನೊಳಗೆ ಏನಿದೆ, ಎಷ್ಟು ಕಪ್ಪು, ಆಕಾರ, ಅಂಚು, ಬಿಳಿ ಚುಕ್ಕೆ. ಮೊತ್ತ 3 ಆದರೆ ಮೂರನೆಯ ಮೆಟ್ಟಿಲು, 4ರಿಂದ 6 ಆದರೆ ನಾಲ್ಕನೆಯದು, 7 ಅಥವಾ ಹೆಚ್ಚಾದರೆ ಐದನೆಯದು.

ಮೆಟ್ಟಿಲಿನ ಜೊತೆ ಗಾತ್ರವನ್ನೂ ಸೇರಿಸಿ ನೋಡಬೇಕು. ಸೂಜಿ ಪರೀಕ್ಷೆಯ ಮಾತು ಬರುವುದು ಮೂರನೆಯ ಮೆಟ್ಟಿಲಿನಲ್ಲಿ 2.5 ಸೆಂಟಿಮೀಟರಿನಿಂದ, ನಾಲ್ಕರಲ್ಲಿ 1.5ರಿಂದ, ಐದರಲ್ಲಿ 1ರಿಂದ. ಅದಕ್ಕಿಂತ ಚಿಕ್ಕದಿದ್ದರೆ ನಿಗಾ ಅಥವಾ ಏನೂ ಬೇಡ. ಒಂದು ಮತ್ತು ಎರಡನೆಯ ಮೆಟ್ಟಿಲಿಗೆ ಸೂಜಿಯ ಅಗತ್ಯವೇ ಇಲ್ಲ.

ಲೆಕ್ಕ ಹೀಗಾಗುತ್ತದೆ: ಗಟ್ಟಿ ಗಂಟು 2 ಅಂಕ, ಹೈಪೋಎಕೋಯಿಕ್ 2 ಅಂಕ, ಉಳಿದದ್ದೆಲ್ಲ ಸರಿ. ಮೊತ್ತ 4, ನಾಲ್ಕನೆಯ ಮೆಟ್ಟಿಲು. ಗಾತ್ರ 1.2 ಸೆಂಟಿಮೀಟರ್ ಆದರೆ ಸೂಜಿ ಬೇಡ, ವರ್ಷ ಬಿಟ್ಟು ಮತ್ತೆ ಸ್ಕ್ಯಾನ್. ಅದೇ ಗಂಟು ಅಗಲಕ್ಕಿಂತ ಎತ್ತರವಾಗಿದ್ದರೆ ಇನ್ನೂ 3 ಅಂಕ ಸೇರಿ ಮೊತ್ತ 7. ಐದನೆಯ ಮೆಟ್ಟಿಲು, ಅದೇ 1.2 ಸೆಂಟಿಮೀಟರಿಗೆ ಈಗ ಸೂಜಿ ಸಲಹೆ ಬರುತ್ತದೆ. ಗಾತ್ರ ಬದಲಾಗಲಿಲ್ಲ, ರೂಪ ಬದಲಾಯಿತು. ‘ನನ್ನದು ದೊಡ್ಡದು, ಅವರದು ಚಿಕ್ಕದು, ಆದರೂ ಅವರಿಗೇ ಏಕೆ ಸೂಜಿ?’ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ಇನ್ನೊಂದು ಹಳ್ಳ: ಈ ಹೆಸರಿನ ಪದ್ಧತಿ ಒಂದೇ ಅಲ್ಲ. ಯುರೋಪಿನ ಪದ್ಧತಿಯಲ್ಲಿ 1 ಎಂದರೆ ಗಂಟೇ ಇಲ್ಲ; ಅಮೆರಿಕದ್ದರಲ್ಲಿ 1 ಎಂದರೆ ನಿರಪಾಯಕಾರಿ ಗಂಟಿದೆ. ಮೂರನೆಯ ಮೆಟ್ಟಿಲಿನ 2.2 ಸೆಂಟಿಮೀಟರ್ ಗಂಟಿಗೆ ಯುರೋಪಿನ ಪದ್ಧತಿ ಸೂಜಿ ಹೇಳುತ್ತದೆ, ಏಕೆಂದರೆ ಅಲ್ಲಿ ಗಡಿ 2 ಸೆಂಟಿಮೀಟರ್. ಅಮೆರಿಕದ್ದು ನಿಗಾ ಸಾಕೆನ್ನುತ್ತದೆ. ಎರಡು ಕೇಂದ್ರಗಳ ವರದಿ ಬೇರೆಯಾಗಿದ್ದರೆ ‘ಯಾವುದು ಸುಳ್ಳು?’ ಎನ್ನುವ ಮೊದಲು ಯಾವ ಪದ್ಧತಿ ಬಳಸಿದ್ದಾರೆ ಎಂದು ಕೇಳಿ.

9. ಸೂಜಿ ಪರೀಕ್ಷೆ ಎಂದರೆ

ಎಫ್‌ಎನ್‌ಎಸಿ ಎಂದು ಬರೆದಿರುವುದು ಇದನ್ನೇ. ರಕ್ತ ತೆಗೆಯುವ ಸೂಜಿಗಿಂತ ಸಾಮಾನ್ಯವಾಗಿ ತೆಳ್ಳನೆಯ ಸೂಜಿಯನ್ನು, ಅಲ್ಟ್ರಾಸೌಂಡಿನಲ್ಲಿ ನೋಡುತ್ತ, ಗಂಟಿಗೆ ಚುಚ್ಚಿ ಜೀವಕೋಶಗಳನ್ನು ತೆಗೆಯುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ಹೇಳಬೇಕು, ಆದರೆ ತಾವಾಗಿ ನಿಲ್ಲಿಸಬಾರದು. ಆ ಮಾತ್ರೆ ಹೃದಯಕ್ಕೋ ಮಿದುಳಿಗೋ ಕಾವಲು ನಿಂತಿರುತ್ತದೆ. ಕತ್ತಿನ ಗಂಟಿಗಾಗಿ ಅದನ್ನು ಕೈಬಿಡುವ ತೀರ್ಮಾನ ವೈದ್ಯರದ್ದೇ ಆಗಿರಬೇಕು. ಸೂಜಿ ಒಳಗಿರುವಾಗ ನುಂಗಬೇಡಿ, ಕೆಮ್ಮಬೇಡಿ. ಕೆಮ್ಮು ತಡೆಯಲಾಗದಿದ್ದರೆ ಕೈ ಎತ್ತಿ ಸೂಚಿಸುವ ಒಪ್ಪಂದವನ್ನು ಮೊದಲೇ ಮಾಡಿಕೊಳ್ಳಿ.

ಒಂದೆರಡು ದಿನ ಸಣ್ಣ ನೋವು, ಕಂದುಗಲೆ ಇರುತ್ತದೆ. ಊತ ಬೇಗ ಬೇಗ ಹೆಚ್ಚಿದರೆ, ಉಸಿರಿಗೆ ಅಡ್ಡಿಯಾದರೆ ತುರ್ತು ವಿಭಾಗಕ್ಕೆ ಹೋಗಿ.

ಇದರ ಫಲಿತಾಂಶಕ್ಕೂ ಒಂದು ಅಂಕಿ ಇರುತ್ತದೆ, ಬೆಥೆಸ್ಡಾ 1ರಿಂದ 6. ಟೈರಾಡ್ಸಿನ ಅಂಕಿಗೂ ಇದಕ್ಕೂ ನಂಟಿಲ್ಲ. ಬೆಥೆಸ್ಡಾ 2 ಎಂದರೆ ನಿರಪಾಯಕಾರಿ, ಎಲ್ಲರೂ ಬಯಸುವ ಉತ್ತರ. 1 ಅದಕ್ಕಿಂತ ಒಳ್ಳೆಯದಲ್ಲ. ಮಾದರಿ ಸಾಲದು, ಹೇಳಲಾಗುವುದಿಲ್ಲ ಎಂದರ್ಥ. ‘1 ಬಂದಿದೆ, ಬದುಕಿದೆ’ ಎಂದು ಕಡತ ಮುಚ್ಚಿ ಇಡುವುದು ದೊಡ್ಡ ತಪ್ಪು. ಸಾಮಾನ್ಯವಾಗಿ ಮತ್ತೆ ಚುಚ್ಚಬೇಕಾಗುತ್ತದೆ. 3 ಮತ್ತು 4 ಎಂದರೆ ಅತ್ತಲೂ ಅಲ್ಲ ಇತ್ತಲೂ ಅಲ್ಲ. 5 ಬಲವಾದ ಅನುಮಾನ, 6 ಕ್ಯಾನ್ಸರ್.

10. ಮುಂದಿನ ಸ್ಕ್ಯಾನ್

ನಿಗಾ ಸಾಕು ಎಂದಾದರೆ ದಿನಾಂಕವನ್ನು ಬರೆಸಿಕೊಳ್ಳಿ. ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುವುದರಿಂದ ನಿದ್ದೆ ಕೆಡುವುದೇ ಹೊರತು ಮಾಹಿತಿ ಹೆಚ್ಚುವುದಿಲ್ಲ. ಅಮೆರಿಕದ ಪದ್ಧತಿಯಂತೆ ಮೂರನೆಯ ಮೆಟ್ಟಿಲಿನ, 1.5 ಸೆಂಟಿಮೀಟರ್ ದಾಟಿದ ಗಂಟಿಗೆ 1, 3, 5ನೆಯ ವರ್ಷಗಳಲ್ಲಿ. ನಾಲ್ಕನೆಯ ಮೆಟ್ಟಿಲಿನ, 1 ಸೆಂಟಿಮೀಟರ್ ದಾಟಿದ್ದಕ್ಕೆ 1, 2, 3, 5ನೆಯ ವರ್ಷಗಳಲ್ಲಿ. ಐದನೆಯ ಮೆಟ್ಟಿಲಿನ, ಅರ್ಧ ಸೆಂಟಿಮೀಟರ್ ದಾಟಿದ್ದಕ್ಕೆ 5 ವರ್ಷದವರೆಗೆ ಪ್ರತಿವರ್ಷ.

ಸಾಧ್ಯವಾದರೆ ಅದೇ ಕೇಂದ್ರಕ್ಕೆ ಹೋಗಿ. ಪ್ರೋಬ್ ಹಿಡಿಯುವ ಕೈ ಬದಲಾದರೆ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಬರುವುದು ಸಹಜ, ಅದನ್ನು ಬೆಳವಣಿಗೆ ಎನ್ನುವುದಿಲ್ಲ. ಮೂರರಲ್ಲಿ ಕನಿಷ್ಠ ಎರಡು ಅಳತೆಗಳು ಶೇ 20ರಷ್ಟು, ಜೊತೆಗೆ ಕನಿಷ್ಠ 2 ಮಿಲಿಮೀಟರಿನಷ್ಟು ಹೆಚ್ಚಿದ್ದರೆ, ಅಥವಾ ಒಟ್ಟು ಘನಗಾತ್ರ ಶೇ 50ರಷ್ಟು ಹೆಚ್ಚಿದ್ದರೆ ಅದು ಲೆಕ್ಕಕ್ಕೆ ಬರುವ ಬೆಳವಣಿಗೆ. ಹೋಲಿಸುವಾಗ ಕಳೆದ ಬಾರಿಯ ವರದಿಯೊಂದೇ ಸಾಲದು. ಸಿಗುವ ಅತಿ ಹಳೆಯ ಚಿತ್ರಗಳನ್ನೂ ಕೊಡಿ. ವರ್ಷಕ್ಕೆ ಒಂದೊಂದು ಮಿಲಿಮೀಟರಿನಂತೆ ತೆವಳುತ್ತ ಬೆಳೆಯುವ ಗಂಟು ಹಿಂದಿನ ವರ್ಷದ ಪಕ್ಕದಲ್ಲಿಟ್ಟರೆ ಇದ್ದಲ್ಲೇ ಇದ್ದಂತೆ ತೋರುತ್ತದೆ, ಐದು ವರ್ಷ ಹಿಂದಿನದರ ಪಕ್ಕದಲ್ಲಿಟ್ಟರೆ ಸಿಕ್ಕಿಬೀಳುತ್ತದೆ.